ಮುಖದ ಸುಕ್ಕಿಗೆ ಬೊಟಾಕ್ಸಾ, ಫಿಲ್ಲರಾ?

(ನಿರೂಪಕಿ, ಕ್ಯಾಮೆರಾಗೆ ನೇರವಾಗಿ)

ನಮಸ್ಕಾರ. ಕೈಗೊಂದು ಕನ್ನಡಿ ತಗೊಳ್ಳಿ. ಈಗ ಚೆನ್ನಾಗಿ ಹುಬ್ಬು ಗಂಟಿಕ್ಕಿ. ಎರಡು ಹುಬ್ಬಿನ ಮಧ್ಯೆ ಉದ್ದಕ್ಕೆ ಒಂದೆರಡು ಗೆರೆ ಮೂಡಿದವು, ಅಲ್ವಾ? ಇನ್ನು ಮುಖ ಸಡಿಲ ಬಿಡಿ. ಗೆರೆ ಮಾಯವಾಯಿತಾ, ಅಲ್ಲೇ ಕೂತಿದೆಯಾ?

ಯಾವ ಇಂಜೆಕ್ಷನ್ ಅನ್ನೋ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಮುಖ ಆಡಿಸಿದಾಗ ಮಾತ್ರ ಬರುವ ಗೆರೆಗೆ ಕಾರಣ ಸ್ನಾಯು. ಸುಮ್ನೆ ಕೂತಾಗಲೂ ಕಾಣುವ ಮಡಿಕೆಗೆ ಚರ್ಮ ತೆಳುವಾಗಿರುವುದು, ಒಳಗಿನ ಕೊಬ್ಬು ಕರಗಿರುವುದು, ಹೀಗೆ ಬೇರೆ ಕಾರಣಗಳೂ ಸೇರಿಕೊಂಡಿರುತ್ತವೆ.

(ದೃಶ್ಯ: ಹಣೆ, ಹುಬ್ಬಿನ ಸ್ನಾಯುಗಳ ಚಿತ್ರ)

ಮೊದಲು ಬೊಟಾಕ್ಸ್. ಇದು ಬೊಟುಲಿನಮ್ ಟಾಕ್ಸಿನ್ ಅನ್ನೋ ಔಷಧದ ಒಂದು ಬ್ರ್ಯಾಂಡ್ ಹೆಸರು. ಡಿಸ್ಪೋರ್ಟ್, ಜಿಯೋಮಿನ್ ಕೂಡ ಇದೇ ಜಾತಿಯವು. ಇದನ್ನು ತಯಾರಿಸುವುದು ಒಂದು ಬ್ಯಾಕ್ಟೀರಿಯಾದ ವಿಷದಿಂದ. ಹೆದರಬೇಡಿ, ಇಲ್ಲಿ ಬಳಸುವ ಪ್ರಮಾಣ ತೀರಾ ಚಿಕ್ಕದು. 'ಬಿಗಿಯಾಗು' ಅಂತ ನರ ಕಳಿಸುವ ಸಂದೇಶ ಸ್ನಾಯುವಿಗೆ ತಲುಪದಂತೆ ಇದು ತಡೆಯುತ್ತದೆ. ಸ್ನಾಯು ಸುಮ್ಮನಾಗುತ್ತದೆ, ಮೇಲಿನ ಚರ್ಮ ಮಡಚುವುದಿಲ್ಲ.

ಇದು ಸುಕ್ಕಿಗೂ ಆಗುತ್ತದೆ ಅಂತ ಗಮನಿಸಿದವರಲ್ಲಿ ಕೆನಡಾದ ಡಾಕ್ಟರ್ ದಂಪತಿ ಜೀನ್ ಮತ್ತು ಅಲಸ್ಟೇರ್ ಕ್ಯಾರುದರ್ಸ್ ಮುಖ್ಯರು. ಜೀನ್ ಕಣ್ಣಿನ ಡಾಕ್ಟರ್. ರೆಪ್ಪೆ ತಾನಾಗಿ ಬಿಗಿದುಕೊಳ್ಳುವ ತೊಂದರೆಗೆ ಅವರು ಇದನ್ನು ಕೊಡುತ್ತಿದ್ದರು. ಹುಬ್ಬಿನ ಗೆರೆಯೂ ಕಡಿಮೆಯಾಗುವುದು ಆಗ ಕಣ್ಣಿಗೆ ಬಿತ್ತು. ಅಮೆರಿಕದಲ್ಲಿ ಹುಬ್ಬಿನ ನಡುವಿನ ಗೆರೆಗೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ.

ಹುಬ್ಬಿನ ಮಧ್ಯೆ ಸಾಮಾನ್ಯವಾಗಿ 5 ಕಡೆ ಸಣ್ಣ ಸೂಜಿ ಚುಚ್ಚುತ್ತಾರೆ. ಬೊಟಾಕ್ಸ್ ಆದರೆ ಒಟ್ಟು 20 ಯೂನಿಟ್, ಡಿಸ್ಪೋರ್ಟ್ ಆದರೆ 50. ಅದಕ್ಕೇ 'ನನ್ನ ಫ್ರೆಂಡ್‌ಗೆ 50 ಕೊಟ್ಟರು, ನನಗೆ ಬರೀ 20' ಅಂತ ಬೇಜಾರಾಗಬೇಡಿ. ಬ್ರ್ಯಾಂಡ್ ಬದಲಾದರೆ ಯೂನಿಟ್ ಲೆಕ್ಕವೂ ಬದಲಾಗುತ್ತದೆ. ಕೆಲವೇ ದಿನದಲ್ಲಿ ಕೆಲಸ ಶುರುವಾಗಿ, ಪೂರ್ತಿ ಫಲ ಕಾಣಲು ಸುಮಾರು 2 ವಾರ ಬೇಕು. 3-4 ತಿಂಗಳು ನಿಲ್ಲುತ್ತದೆ. ಹಾಗಾಗಿ ನಾಡಿದ್ದು ಫಂಕ್ಷನ್ ಇದೆ ಅಂತ ಇವತ್ತು ಓಡಬೇಡಿ.

(ದೃಶ್ಯ: ಮೂಗಿನ ಪಕ್ಕದಿಂದ ಬಾಯಿಯ ತುದಿಗೆ ಇಳಿಯುವ ಮಡಿಕೆ)

ಜಾಸ್ತಿ ಗೊಂದಲ ಇರುವುದು ಈ ಮಡಿಕೆಯಲ್ಲಿ. 'ಇದಕ್ಕೂ ಬೊಟಾಕ್ಸ್ ಹಾಕಿ' ಅಂತ ಕೇಳುವವರು ಬಹಳ. ಆದರೆ ಅಲ್ಲಿರುವುದು ನೀವು ನಗುವಾಗ ತುಟಿ ಎತ್ತುವ ಸ್ನಾಯುಗಳು. ಅವನ್ನು ಸಡಿಲ ಮಾಡಿದರೆ ನಗು ಸೊಟ್ಟಗಾಗಬಹುದು. ಇಲ್ಲಿ ಸಾಮಾನ್ಯವಾಗಿ ಫಿಲ್ಲರ್ ಬಳಸುತ್ತಾರೆ, ಅಂದರೆ ತಗ್ಗಾದ ಜಾಗವನ್ನು ಒಳಗಿಂದ ತುಂಬಿಸುವ ಜೆಲ್. ಎಷ್ಟೋ ಸಲ ಒಳ್ಳೆಯ ಡಾಕ್ಟರ್ ಮಡಿಕೆಯನ್ನು ಬಿಟ್ಟು ಕೆನ್ನೆಗೆ ಹಾಕುತ್ತಾರೆ. ಕೆನ್ನೆ ಇಳಿದದ್ದರಿಂದಲೇ ಮಡಿಕೆ ಎದ್ದು ಕಾಣುತ್ತಿರಬಹುದು.

ಹೆಚ್ಚು ಬಳಕೆಯಲ್ಲಿರುವುದು ಹೈಲುರಾನಿಕ್ ಆಸಿಡ್ ಫಿಲ್ಲರ್. ಇದು ನಮ್ಮ ಚರ್ಮದಲ್ಲೂ ಇರುವ, ನೀರು ಹಿಡಿದಿಟ್ಟುಕೊಳ್ಳುವ ವಸ್ತು. ಜಾಗ ಮತ್ತು ಜೆಲ್ ನೋಡಿಕೊಂಡು 6 ತಿಂಗಳಿಂದ ಒಂದೂವರೆ ವರ್ಷ ಉಳಿಯುತ್ತದೆ. ಕ್ಯಾಲ್ಸಿಯಂ ಹೈಡ್ರಾಕ್ಸಿಲ್‌ಅಪಟೈಟ್, ಪಾಲಿ ಎಲ್ ಲ್ಯಾಕ್ಟಿಕ್ ಆಸಿಡ್ ಅನ್ನೋ ಬಾಯಿ ತಿರುಗದ ಹೆಸರಿನವೂ ಇವೆ. ಇವು ಚರ್ಮದಲ್ಲಿ ಕೊಲಾಜನ್, ಅಂದರೆ ಚರ್ಮಕ್ಕೆ ಬಿಗಿ ಕೊಡುವ ಪ್ರೋಟೀನ್, ಬೆಳೆಯುವಂತೆ ಮಾಡುತ್ತವೆ. ಬಾಳಿಕೆ ಜಾಸ್ತಿ.

ಜಾಸ್ತಿ ದಿನ ಬರುವುದೇ ಒಳ್ಳೆಯದು ಅನಿಸುತ್ತದೆ, ಅಲ್ವಾ? ಮೊದಲ ಸಲಕ್ಕೆ ನಾನು ಹಾಗೆ ಹೇಳುವುದಿಲ್ಲ. ಹೈಲುರಾನಿಕ್ ಆಸಿಡ್ ಇಷ್ಟವಾಗದಿದ್ದರೆ ಹೈಲುರಾನಿಡೇಸ್ ಅನ್ನೋ ಇಂಜೆಕ್ಷನ್ ಕೊಟ್ಟು ಕರಗಿಸಬಹುದು. ಮಿಕ್ಕ ಎರಡಕ್ಕೆ ಅಂಥ ಔಷಧ ಇಲ್ಲ. ಬೊಟಾಕ್ಸ್‌ಗೂ ಇಲ್ಲ. ಅದರಿಂದ ಅಪ್ಪಿತಪ್ಪಿ ರೆಪ್ಪೆ ಜೋತುಬಿದ್ದರೆ ತಾನಾಗಿ ಸರಿಹೋಗುವ ತನಕ ಕೆಲವು ವಾರ ಕಾಯಬೇಕು.

ಸರಿ, ಹುಬ್ಬಿನ ಮಧ್ಯೆ ಗೆರೆ ಅಲ್ಲೇ ಕೂತಿದೆ ಅಂದವರಿಗೆ? ಸಾಮಾನ್ಯವಾಗಿ ಮೊದಲು ಬೊಟಾಕ್ಸ್. ಗೆರೆ ಪೂರ್ತಿ ಹೋಗದಿದ್ದರೂ ಮೆತ್ತಗಾಗುತ್ತದೆ. ಉಳಿದದ್ದನ್ನು ಫಿಲ್ಲರ್‌ನಿಂದ ತುಂಬಿಸೋಣ ಅನ್ನೋ ಆಸೆ ಬರುತ್ತದೆ. ಅಲ್ಲಿ ಹುಷಾರು. ಹುಬ್ಬಿನ ನಡುವಿನ ಮತ್ತು ಮೂಗಿನ ರಕ್ತನಾಳಗಳಿಗೆ ಕಣ್ಣಿನ ರಕ್ತನಾಳಗಳ ಜೊತೆ ಸಂಪರ್ಕ ಇದೆ. ಜೆಲ್ ತಪ್ಪಿ ರಕ್ತನಾಳದೊಳಗೆ ಹೋದರೆ ಚರ್ಮ ಸಾಯಬಹುದು, ದೃಷ್ಟಿಯೇ ಹೋಗಬಹುದು. ಅಪರೂಪ ನಿಜ. ಆದರೆ ಒಂದು ಗೆರೆಗೋಸ್ಕರ ಈ ಅಪಾಯ ಬೇಡ ಅನ್ನುವುದು ನನ್ನ ಅಭಿಪ್ರಾಯ.

(ತೆರೆಯ ಮೇಲೆ ದೊಡ್ಡ ಅಕ್ಷರ: ತಕ್ಷಣ ಡಾಕ್ಟರ್ ಹತ್ತಿರ ಹೋಗಿ)

ಫಿಲ್ಲರ್ ಆದಮೇಲೆ ಸ್ವಲ್ಪ ಊತ, ಕಂದಿದ ಕಲೆ ಮಾಮೂಲಿ. ಚರ್ಮ ಬಿಳಿಚಿಕೊಂಡರೆ, ಬಲೆ ಹಾಗೆ ನೀಲಿ ಗೆರೆ ಮೂಡಿದರೆ, ನೋವು ಏರುತ್ತಲೇ ಹೋದರೆ, ಕಣ್ಣು ಮಂಜಾದರೆ ಬೆಳಗಾಗಲಿ ಅಂತ ಕಾಯಬೇಡಿ. ಬಸುರಿಯರು, ಹಾಲುಣಿಸುವ ತಾಯಂದಿರು ಸದ್ಯಕ್ಕೆ ಎರಡನ್ನೂ ಮುಂದಕ್ಕೆ ಹಾಕಿ. ಮಯಸ್ತೇನಿಯಾ ಗ್ರಾವಿಸ್‌ನಂಥ ಸ್ನಾಯು ದುರ್ಬಲವಾಗುವ ಕಾಯಿಲೆ ಇದ್ದರೆ, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಡಾಕ್ಟರ್‌ಗೆ ಹೇಳಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಇನ್ನು ಕ್ಲಿನಿಕ್‌ನಲ್ಲಿ ಕುರ್ಚಿ ಏರುವ ಮುಂಚೆ ಮೂರು ಪ್ರಶ್ನೆ. ಸೂಜಿ ಹಿಡಿಯುವವರು ಯಾರು, ಅವರ ಓದು ಏನು? ಔಷಧದ ಸೀಲ್ ನನ್ನ ಎದುರೇ ಒಡೆಯುತ್ತೀರಾ? ಫಿಲ್ಲರ್ ತಪ್ಪಿ ರಕ್ತನಾಳಕ್ಕೆ ಹೋದರೆ ತಕ್ಷಣ ಕರಗಿಸಲು ಹೈಲುರಾನಿಡೇಸ್ ಇಲ್ಲೇ ಇದೆಯಾ? ಕೊನೆಯದಕ್ಕೆ 'ಬೇಕಾದರೆ ತರಿಸುತ್ತೇವೆ' ಅಂದರೆ, ಅಲ್ಲಿ ಫಿಲ್ಲರ್ ಹಾಕಿಸಿಕೊಳ್ಳದೆ ಎದ್ದು ಬನ್ನಿ.