ಬೆಳಗಿನ ಟಕಟಕ ಸದ್ದು

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಳಿಗ್ಗೆ ಕಾರು ಶುರು ಮಾಡಿದ ಕೂಡಲೇ ಎರಡು ಮೂರು ಸೆಕೆಂಡ್ ಟಕಟಕ ಸದ್ದು ಬರುತ್ತದೆ. ಆಮೇಲೆ ನಿಂತುಹೋಗುತ್ತದೆ. ಪುಣೆಯ ನನ್ನ ಗ್ಯಾರೇಜಿಗೆ ಬರುವ ಎಷ್ಟೋ ಜನ, "ನಿಂತುಹೋಗುತ್ತದಲ್ಲ, ಬಿಡಿ" ಅನ್ನುತ್ತಾರೆ. ಬಿಡುವ ಮಾತಲ್ಲ ಅದು. ಎಂಜಿನ್ನಿನ ಮೇಲ್ಭಾಗಕ್ಕೆ ಆ ಹೊತ್ತಿನಲ್ಲಿ ಎಣ್ಣೆ ಇನ್ನೂ ತಲುಪಿರುವುದಿಲ್ಲ. ಇದಕ್ಕೆ ಬೇರೆ ಕಾರಣಗಳೂ ಉಂಟು. ಆದರೆ ನಾನು ಮೊದಲು ನೋಡುವುದು ಎಂಜಿನ್ನಿನ ಎಣ್ಣೆ ಸೋಸುವ ಡಬ್ಬಿಯನ್ನು, ಅಂದರೆ ಆಯಿಲ್ ಫಿಲ್ಟರನ್ನು.

ಹಳೆ ಫಿಲ್ಟರನ್ನು ನಾನು ಸುಮ್ನೆ ಎಸೆಯುವುದಿಲ್ಲ, ಕೊಯ್ದು ನೋಡುತ್ತೇನೆ. ಹ್ಯಾಕ್ಸಾ ಬ್ಲೇಡಿನಿಂದ ಕೊಯ್ಯಬಾರದು. ಅದರ ಕಬ್ಬಿಣದ ಪುಡಿ ಒಳಗೆ ಬಿದ್ದರೆ ಎಂಜಿನ್ನೇ ಸವೆದಿದೆ ಅಂತ ಗಾಬರಿಯಾಗುತ್ತದೆ. ಡಬ್ಬಿಯ ಸುತ್ತ ತಿರುಗುವ ಕಟರ್ ಬೇಕು.

ಒಳಗೆ ಸೀರೆಯ ನೆರಿಗೆಯಂತೆ ಮಡಿಸಿದ ಕಾಗದವಿರುತ್ತದೆ. ನೆರಿಗೆಯ ತುದಿಗಳು ಸೇರುವಲ್ಲಿ ಅಂಟು, ಬಾಯಿಯ ಹತ್ತಿರ ರಬ್ಬರ್ ಪರದೆ. ಜೊತೆಗೆ ಒಂದು ಸ್ಪ್ರಿಂಗ್ ವಾಲ್ವ್. ಎಲ್ಲರೂ ಕಾಗದದ ಬಗ್ಗೆಯೇ ಮಾತಾಡುತ್ತಾರೆ. ನಾನು ಕೊಯ್ದು ನೋಡಿದವುಗಳಲ್ಲಿ ಜಾಸ್ತಿ ಕೆಟ್ಟಿದ್ದು ರಬ್ಬರು ಮತ್ತು ಅಂಟು.

ಎಂಜಿನ್ ನಿಂತಾಗ ಫಿಲ್ಟರಿನ ಎಣ್ಣೆ ಎಂಜಿನ್ನಿನ ತಳದ ಎಣ್ಣೆ ತೊಟ್ಟಿಗೆ ಇಳಿದುಹೋಗದಂತೆ ಹಿಡಿಯುವುದು ಆ ರಬ್ಬರ್ ಪರದೆ. ಅದು ನೈಟ್ರೈಲ್ ಎಂಬ ರಬ್ಬರಿನದ್ದಾದರೆ ಬಿಸಿ ಎಣ್ಣೆಯಲ್ಲಿ ಬೆಂದು ಬೆಂದು ಗಡುಸಾಗುತ್ತದೆ. ಆಮೇಲೆ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಬೆಳಗಿನ ಸದ್ದು ಅಲ್ಲಿಂದ ಬರಬಹುದು. ಸಿಲಿಕೋನ್ ರಬ್ಬರು ತುಂಬಾ ದಿನ ಮೆತ್ತಗೇ ಇರುತ್ತದೆ. ಹಾಗಂತ ನೈಟ್ರೈಲ್ ಕೆಟ್ಟದ್ದು ಅನ್ನುವುದಿಲ್ಲ. ಹೊತ್ತಿಗೆ ಸರಿಯಾಗಿ ಬದಲಿಸುವವರಿಗೆ ಅದೇ ಸಾಕು.

ಅಂಟು ಬಿಟ್ಟುಕೊಂಡರೆ ಇನ್ನೂ ಕಷ್ಟ. ಕೊಳೆ ಎಣ್ಣೆ ಕಾಗದವನ್ನು ಮುಟ್ಟದೆ ಸಂದಿಯಲ್ಲೇ ನುಗ್ಗಿ, ಎಂಜಿನ್ನಿನ ತಿರುಗುವ ಭಾಗಗಳನ್ನು ಹೊರುವ ಬೇರಿಂಗಿಗೆ ಹೋಗುತ್ತದೆ. ನಮ್ಮ ಕೂದಲು ಸುಮಾರು 70 ಮೈಕ್ರಾನ್ ದಪ್ಪ. ಬೇರಿಂಗನ್ನು ತಿನ್ನುವ ಕಣ 20 ಮೈಕ್ರಾನ್, ಅದಕ್ಕಿಂತ ಸಣ್ಣದೂ ಇರಬಹುದು. ಕಣ್ಣಿಗೆ ಕಾಣುವುದಿಲ್ಲ, ಡ್ಯಾಶ್‌ಬೋರ್ಡಿನ ಎಚ್ಚರಿಕೆಯ ದೀಪವೂ ಹತ್ತುವುದಿಲ್ಲ.

ಸ್ಪ್ರಿಂಗ್ ವಾಲ್ವ್ ಇರುವುದು ಆಪತ್ತಿಗೆ. ಚಳಿಗೆ ಎಣ್ಣೆ ಗಟ್ಟಿಯಾದಾಗ, ಕಾಗದ ಕೊಳೆಯಿಂದ ಕಟ್ಟಿಕೊಂಡಾಗ ಅದು ತೆರೆದುಕೊಂಡು, ಕಾಗದವನ್ನು ಬಳಸಿ ಹೋಗಲು ಎಣ್ಣೆಗೆ ದಾರಿ ಕೊಡುತ್ತದೆ. ಬೇರಿಂಗ್ ಒಣಗುವುದಕ್ಕಿಂತ ಸೋಸದ ಎಣ್ಣೆ ಸಿಕ್ಕರೂ ವಾಸಿ, ಅಲ್ವಾ? ಆದರೆ ಸ್ಪ್ರಿಂಗ್ ಸಡಿಲವಾದರೆ ದಿನವೂ ಕೊಳೆ ಎಣ್ಣೆಯೇ. ತೆರೆಯದೆ ಬಿಗಿದು ಕೂತರೆ ಒತ್ತಡಕ್ಕೆ ನೆರಿಗೆಗಳೇ ಜಜ್ಜಿಹೋಗುತ್ತವೆ.

ಇನ್ನೊಂದು ಮಾತು. ಮಳೆಗಾಲದಲ್ಲಿ ಪುಣೆಯೊಳಗೇ ಕೋಥ್ರೂಡಿನಿಂದ ಡೆಕ್ಕನ್‌ವರೆಗೆ ಹೋಗಿ ಬರುವ ಕಾರಿನ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಎಣ್ಣೆಯಲ್ಲಿ ನೀರಿನಂಶ ಉಳಿಯುತ್ತದೆ, ಜಿಡ್ಡು ಕಟ್ಟುತ್ತದೆ, ಕಾಗದ ಬಲ ಕಳೆದುಕೊಳ್ಳುತ್ತದೆ. "4,000 ಕಿ.ಮೀ. ಮಾತ್ರ ಓಡಿದೆ" ಎಂದು ಎರಡು ವರ್ಷ ತಳ್ಳುವವರ ಫಿಲ್ಟರಿಗಿಂತ, ತಿಂಗಳಿಗೊಮ್ಮೆ ಖಂಬಾಟಕಿ ಘಾಟ್ ಹತ್ತಿ ಬೆಳಗಾವಿಗೆ ಹೋಗುವವರದ್ದು ಎಷ್ಟೋ ಸಲ ಚೆನ್ನಾಗಿರುತ್ತದೆ. 10,000 ಕಿ.ಮೀ. ಅಥವಾ 1 ವರ್ಷ, ಯಾವುದು ಮೊದಲೋ ಅದು ಎಂದು ಹಲವು ಕಾರುಗಳ ಪುಸ್ತಕದಲ್ಲಿ ಬರೆದಿರುವುದು ಇದಕ್ಕೇ.

ಪುಣೆಯ ನಾನಾ ಪೇಠ ಎಂಬ ಪೇಟೆಯಲ್ಲಿ ಫಿಲ್ಟರ್ ಕೊಳ್ಳುವಾಗ ಪಾರ್ಟ್ ನಂಬರ್ ಹೇಳಿ ಕೇಳಿ. ತಿರುಪಿನ ಥ್ರೆಡ್ ಕೂತಿತು ಅಂದ ಮಾತ್ರಕ್ಕೆ ಒಳಗಿನ ವಾಲ್ವ್ ನಿಮ್ಮ ಎಂಜಿನ್ನಿಗೆ ಹೊಂದಬೇಕೆಂದಿಲ್ಲ.

ಒಳ್ಳೆಯ ಫಿಲ್ಟರೂ ಹಾಕುವ ಕೈ ತಪ್ಪಿದರೆ ಸೋಲುತ್ತದೆ. ಕೆಲಸ ಕಲಿಯುತ್ತಿದ್ದಾಗ ಒಮ್ಮೆ ಹಳೆ ಗ್ಯಾಸ್ಕೆಟ್, ಅಂದರೆ ಎಣ್ಣೆ ಸೋರದಂತೆ ಫಿಲ್ಟರಿನ ಬಾಯಿಗೆ ಇರುವ ರಬ್ಬರ್ ಬಳೆ, ಎಂಜಿನ್ನಿಗೇ ಅಂಟಿಕೊಂಡಿದ್ದನ್ನು ನಾನು ನೋಡಲಿಲ್ಲ. ಅದರ ಮೇಲೆಯೇ ಹೊಸದನ್ನು ಕೂರಿಸಿದೆ. ಹುಬ್ಬಳ್ಳಿಗೆ ಹೊರಟಿದ್ದ ಆ ಸಂಸಾರ ಶಿರವಳದ ಹತ್ತಿರ ರಸ್ತೆ ಬದಿಯಲ್ಲಿ ನಿಂತಿತು. ಕೆಂಪು ದೀಪ ಹತ್ತಿತ್ತು, ಎಣ್ಣೆಯೆಲ್ಲ ಸೋರಿತ್ತು. ಮಕ್ಕಳು ಬಿಸಿಲಲ್ಲಿ ಕೂತಿದ್ದರು.

ಅಂದಿನಿಂದ ಆ ಜಾಗವನ್ನು ಬಟ್ಟೆಯಿಂದ ಒರೆಸಿ, ಬೆರಳಾಡಿಸಿ ನೋಡುತ್ತೇನೆ. ಹೊಸ ಗ್ಯಾಸ್ಕೆಟ್ಟಿಗೆ ಎಣ್ಣೆ ಸವರುತ್ತೇನೆ. ಗ್ಯಾಸ್ಕೆಟ್ ತಾಗಿದ ಮೇಲೆ ಡಬ್ಬಿಯ ಮೇಲೆ ಬರೆದಷ್ಟೇ, ಸಾಮಾನ್ಯವಾಗಿ ಮುಕ್ಕಾಲು ಸುತ್ತು, ಕೈಯಲ್ಲೇ ಬಿಗಿಯುತ್ತೇನೆ. ಎಂಜಿನ್ ಶುರು ಮಾಡಿ, ಟಾರ್ಚ್ ಹಿಡಿದು ಕಾರಿನ ಕೆಳಗೆ ಮಲಗಿ ಎರಡು ನಿಮಿಷ ನೋಡುತ್ತೇನೆ. ಒಂದು ಹನಿಯೂ ಇಲ್ಲವೆಂದಾದ ಮೇಲೆಯೇ ಕೀ ಕೊಡುವುದು.

ನಮಸ್ಕಾರ.