ಟವೆಲ್ ಹಾಕಿ ಹಿಡಿದಿಟ್ಟ ಸೀಟು

ಕೇಳುಗರಿಗೆ ನಮಸ್ಕಾರ.

ನನ್ನ ಮೇಜಿನ ಮೇಲೆ ಕಂದು ಬಣ್ಣದ ಒಂದು ಪುಟ್ಟ ಬಾಟಲಿ ಇದೆ. ಒಳಗಿರುವುದು 5 ಗ್ರಾಂ ಬಿಳಿ ಪುಡಿ. ನೋಡಿದರೆ ಮೈದಾ ಅನ್ನಬೇಕು, ಹಾಗಿದೆ. ಚೀಟಿಯ ಮೇಲೆ ಬರೆದಿರುವ ಹೆಸರು 4-ಬ್ರೋಮೋ-ಎಲ್-ಫಿನೈಲಲನೈನ್. ಹೆಸರು ಉದ್ದ, ನಿಜ. ಬಿಡಿಸಿ ನೋಡಿದರೆ ಅಷ್ಟೇನೂ ಕಷ್ಟವಿಲ್ಲ.

ಫಿನೈಲಲನೈನ್ ನಮಗೆಲ್ಲ ಹಳೆಯ ಪರಿಚಯ. ಬೇಳೆಯಲ್ಲಿದೆ, ಹಾಲಿನಲ್ಲಿದೆ, ಮೊಟ್ಟೆಯಲ್ಲಿದೆ. ಪ್ರೋಟೀನ್ ಅನ್ನುವ ಸರಕ್ಕೆ ಪೋಣಿಸುವ 20 ಮಣಿಗಳಲ್ಲಿ ಇದೂ ಒಂದು. ಅಮೈನೋ ಆಸಿಡ್ ಅನ್ನುವುದು ಈ ಮಣಿಗಳನ್ನೇ. ಈ ಮಣಿಯ ಒಂದು ತುದಿಯಲ್ಲಿ ಆರು ಕಾರ್ಬನ್‌ಗಳ ಉಂಗುರ ಇದೆ. ಆ ಉಂಗುರದ ತುತ್ತತುದಿಯ ಹೈಡ್ರೋಜನ್ ತೆಗೆದು, ಅದರ ಜಾಗದಲ್ಲಿ ಒಂದು ಬ್ರೋಮಿನ್ ಕೂರಿಸಿದರೆ ನನ್ನ ಬಾಟಲಿಯ ಪುಡಿ ಆಯಿತು.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಅಮೈನೋ ಆಸಿಡ್ ಅಂದ ಕೂಡಲೇ ಜಿಮ್‌ಗೆ ಹೋಗುವ ಮಕ್ಕಳಿಗೆ ಡಬ್ಬಿಯ ಪ್ರೋಟೀನ್ ಪುಡಿ ನೆನಪಾಗುತ್ತದೆ. ಇದು ಅದಲ್ಲ. ಬಾಯಿಗೆ ಹಾಕುವ ವಸ್ತುವೇ ಅಲ್ಲ. ಲ್ಯಾಬ್‌ಗೆ, ಕಾರ್ಖಾನೆಗೆ ಅಂತಲೇ ತಯಾರಾಗುವ ಕಚ್ಚಾ ಸಾಮಾನು.

ಬ್ರೋಮಿನ್ ಬರುವುದು ಉಪ್ಪುನೀರಿನಿಂದ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 65 ಮಿಲಿಗ್ರಾಂ ಇರುತ್ತದೆ. ಉಪ್ಪಿನ ಆಗರದಲ್ಲಿ ಉಪ್ಪು ಬಾಚಿಕೊಂಡ ಮೇಲೆ ಕಹಿನೀರು ಉಳಿಯುತ್ತದೆ ಅಲ್ವಾ, ಅದರಲ್ಲಿ ಇನ್ನೂ ಜಾಸ್ತಿ. 1826ರಲ್ಲಿ ಫ್ರಾನ್ಸಿನ ಬಲಾರ್ ಅನ್ನುವ ಯುವಕ ಇದನ್ನು ಕಂಡದ್ದು ಅಂಥ ಕಹಿನೀರಿನಲ್ಲೇ. ನಮ್ಮ ದೇಶದಲ್ಲಿ ಗುಜರಾತಿನ ಕಚ್ಛ್ ಕಡೆ ಇವತ್ತಿಗೂ ಹಾಗೆಯೇ ತೆಗೆಯುತ್ತಾರೆ. ಬರೀ ಬ್ರೋಮಿನ್ ಕೆಂಪಗಿನ ದ್ರವ. ಚರ್ಮ ಸುಡುತ್ತದೆ, ನಾತ ಹೊಡೆಯುತ್ತದೆ. ಹೆಸರು ಬಂದದ್ದೂ ನಾತ ಅನ್ನುವ ಗ್ರೀಕ್ ಪದದಿಂದಲೇ.

ಇಷ್ಟು ಕಷ್ಟಪಟ್ಟು ಅದನ್ನು ಅಮೈನೋ ಆಸಿಡ್‌ಗೆ ಯಾಕೆ ಅಂಟಿಸಬೇಕು? ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವುದನ್ನು ನೀವೆಲ್ಲ ನೋಡಿದ್ದೀರಿ. ಬ್ರೋಮಿನ್ ಆ ಟವೆಲ್ ಇದ್ದ ಹಾಗೆ. ಅದು ಅಲ್ಲಿ ಕೂತಿರುವುದೇ ಆಮೇಲೆ ಎದ್ದು ಜಾಗ ಬಿಡುವುದಕ್ಕೆ. ಪಲ್ಲಾಡಿಯಂ ಲೋಹವನ್ನು ಚೂರೇ ಚೂರು ಹಾಕಿದರೆ ಬ್ರೋಮಿನ್ ಹೊರಗೆ ಬಂದು, ನಮಗೆ ಬೇಕಾದ್ದು ಅದೇ ಸೀಟಿನಲ್ಲಿ ಕೂರುತ್ತದೆ. ಪಲ್ಲಾಡಿಯಂನ ಈ ಬಗೆಯ ಕೆಲಸಕ್ಕೇ 2010ರಲ್ಲಿ ಹೆಕ್, ನೆಗಿಶಿ, ಸುಜುಕಿ ಮೂವರಿಗೂ ನೊಬೆಲ್ ಬಂತು.

ಆ ಸೀಟಿನಲ್ಲಿ ಬೋರಾನ್ ಕೂರಿಸಿ ನೋಡಿ. ಬೋರೋನೋಫಿನೈಲಲನೈನ್ ಆಗುತ್ತದೆ. ಕ್ಯಾನ್ಸರ್ ಜೀವಕೋಶ ಬೇಗ ಬೇಗ ಬೆಳೆಯುತ್ತದೆ, ಅದಕ್ಕೆ ಅಮೈನೋ ಆಸಿಡ್ ಹಸಿವು ಜಾಸ್ತಿ. ಇದನ್ನೂ ಊಟ ಅಂದುಕೊಂಡು ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಹೊರಗಿನಿಂದ ನ್ಯೂಟ್ರಾನ್ ಹಾಯಿಸುತ್ತಾರೆ. ಬೋರಾನ್ ಒಡೆದು ಎರಡು ಚೂರಾಗುತ್ತದೆ. ಆ ಚೂರುಗಳು ಒಂದು ಜೀವಕೋಶದ ಅಗಲದಷ್ಟು ದೂರ ಹೋಗಿ ನಿಲ್ಲುತ್ತವೆ, ಅಷ್ಟೇ. ಹಾಗಾಗಿ ಏಟು ಬೀಳುವುದು ಹೆಚ್ಚಾಗಿ ಬೋರಾನ್ ನುಂಗಿದ ಕೋಶಕ್ಕೇ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ಗೆ ಜಪಾನ್ 2020ರಲ್ಲಿ ಈ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ಇದನ್ನು ಮೊದಲ ಸಲ ಓದಿದ ದಿನ ನನಗೆ ಕೈಯಲ್ಲಿದ್ದ ಬಾಟಲಿಯ ಮೇಲೆ ಬೇರೆಯೇ ಗೌರವ ಬಂತು.

ಈಗ ಆ ಹೆಸರಿನ ನಡುವೆ ಇರುವ ‘ಎಲ್’ ಅಕ್ಷರಕ್ಕೆ ಬರೋಣ. ಈ ಪುಡಿಗೆ ಎರಡು ರೂಪ ಇದೆ, ಎಡ ಚಪ್ಪಲಿ ಬಲ ಚಪ್ಪಲಿ ಇದ್ದ ಹಾಗೆ. ಒಂದು ಎಲ್, ಇನ್ನೊಂದು ಡಿ. ನಮ್ಮ ಮೈಯ ಪ್ರೋಟೀನ್ ಪೋಣಿಸಿರುವುದು ಎಲ್ ಮಣಿಗಳಿಂದ. ಆ ಬೋರಾನ್ ಔಷಧಿಯೂ ಎಲ್ ರೂಪದ್ದೇ. ಆದರೆ ಚಪ್ಪಲಿಗಳನ್ನು ತಕ್ಕಡಿಗೆ ಹಾಕಿದರೆ ಎರಡರ ತೂಕವೂ ಒಂದೇ. ಕಾಲಿಗೆ ಹಾಕಿದಾಗಲೇ ವ್ಯತ್ಯಾಸ ಗೊತ್ತಾಗುವುದು.

ನಮಗೆ ಇದು ಗೊತ್ತಾಗಲು ಆರು ವಾರ ಬೇಕಾಯಿತು. ನನ್ನ ವಿದ್ಯಾರ್ಥಿನಿಯೊಬ್ಬಳು ಹೊಸ ಬಾಟಲಿ ತೆರೆದು, ಐದು ಮಣಿಗಳ ಒಂದು ಸಣ್ಣ ಸರ ಕಟ್ಟಿದಳು. ತೂಕ ನೋಡಿದಳು, ಸರಿ ಇತ್ತು. ಬ್ರೋಮಿನ್ ಇದ್ದರೆ ಅಣುಗಳ ತೂಕ ನೋಡುವ ಯಂತ್ರದಲ್ಲಿ ಅವಳಿ ಗೆರೆ ಏಳುತ್ತದೆ. ಪ್ರಕೃತಿಯಲ್ಲಿ 79 ತೂಕದ ಬ್ರೋಮಿನ್ ಹೆಚ್ಚುಕಡಿಮೆ ಅರ್ಧ, 81ರದ್ದು ಅರ್ಧ. 80ರದ್ದು ಇಲ್ಲವೇ ಇಲ್ಲ. ಅಕ್ಕಪಕ್ಕ ಒಂದೇ ಎತ್ತರಕ್ಕೆ ನಿಲ್ಲುವ ಆ ಎರಡು ಗೆರೆ ನೋಡುವುದೇ ಒಂದು ಖುಷಿ. ಅವಳಿ ಗೆರೆಯೂ ಸರಿಯಾಗಿಯೇ ಬಂದಿತ್ತು. ಆದರೆ ಬೆರೆತದ್ದನ್ನು ಬೇರ್ಪಡಿಸುವ ಯಂತ್ರಕ್ಕೆ ಹಾಕಿದಾಗ ಒಂದಾಗಿ ಬರಬೇಕಾದ ಸರ ಎರಡಾಗಿ ಬಂತು. ಎರಡರ ತೂಕವೂ ಒಂದೇ.

“ಮೇಡಂ, ನಾನು ಎಲ್ಲಿ ತಪ್ಪು ಮಾಡಿದೆ?” ಅಂತ ಕೇಳಿದಳು. ಮತ್ತೆ ಮಾಡಿಸಿದೆ. ಮತ್ತೆ ಎರಡು. ಮೂರನೇ ಸಲವೂ ಅದೇ. ಅವಳ ಕೈಯನ್ನೇ ಅನುಮಾನಿಸಿದೆ. ಅದು ನನ್ನ ತಪ್ಪು, ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಕೊನೆಗೆ ಅವಳೇ ಬಾಟಲಿಯ ಪುಡಿಯನ್ನು ಆಸಿಡ್ ಬೆರೆಸಿದ ನೀರಿನಲ್ಲಿ ಕರಗಿಸಿ, ಬೆಳಕಿನ ಕಂಪನದ ದಿಕ್ಕು ಎಷ್ಟು ತಿರುಗಿತು ಅಂತ ಅಳೆಯುವ ಪೋಲರಿಮೀಟರ್‌ಗೆ ಇಟ್ಟಳು. ಎಲ್ ಆಗಿದ್ದರೆ ಒಳಗೆ ಹಾಯುವ ಬೆಳಕು ಒಂದು ಕಡೆಗೆ ತಿರುಗಬೇಕು. ಡಿ ಆಗಿದ್ದರೆ ಅಷ್ಟೇ ಇನ್ನೊಂದು ಕಡೆಗೆ. ಅಂಕಿ ಸೊನ್ನೆಯಲ್ಲೇ ನಿಂತಿತು. ಚೀಟಿಯಲ್ಲಿ ಎಲ್ ಅಂತಿತ್ತು, ಒಳಗೆ ಎಡ ಬಲ ಎರಡೂ ಸಮಸಮ ಬೆರೆತಿದ್ದವು. ಕಳಿಸಿದವರು ಬಾಟಲಿ ಬದಲಿಸಿ ಕೊಟ್ಟರು. ಆರು ವಾರ ಮಾತ್ರ ವಾಪಸ್ ಬರಲಿಲ್ಲ.

ಈಗ ಯಾವ ಬಾಟಲಿ ಬಂದರೂ, ಎಷ್ಟೇ ಅವಸರ ಇದ್ದರೂ, ಮೊದಲು ಒಂದು ಚಿಟಿಕೆ ಕರಗಿಸಿ ಬೆಳಕು ಹಾಯಿಸುತ್ತೇವೆ. ಬಂದ ಅಂಕಿಯನ್ನೂ ತಾರೀಖನ್ನೂ ಬಾಟಲಿಯ ಮೇಲೆ ಬರೆದು, ಬರೆದವರು ಸಹಿ ಹಾಕುತ್ತಾರೆ. ಆಮೇಲೆಯೇ ಅದು ಕಪಾಟಿಗೆ ಹೋಗುವುದು. ನನ್ನ ಮೇಜಿನ ಮೇಲಿರುವ ಬಾಟಲಿಯಲ್ಲಿ ಅಂಗಡಿಯ ಚೀಟಿಯ ಕೆಳಗೆ ನೀಲಿ ಶಾಯಿಯ ಒಂದು ಸಾಲು ಇದೆ. ಅದು ಆ ಹುಡುಗಿಯ ಕೈಬರಹ.

ನಮಸ್ಕಾರ.