ವಿಪಿಎನ್ ದಾರಿಯಲ್ಲಿ ಸಿಕ್ಕಿಕೊಳ್ಳುವ ರಿಮೋಟ್ ಡೆಸ್ಕ್‌ಟಾಪ್

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಕಚೇರಿಯಲ್ಲಿರುವ ಕಂಪ್ಯೂಟರನ್ನು ಶಿರಸಿಯಲ್ಲೋ ಸುಳ್ಯದಲ್ಲೋ ಮನೆಯಲ್ಲಿ ಕುಳಿತು ನಡೆಸುವ ಪದ್ಧತಿ 2020ರ ಲಾಕ್‌ಡೌನ್‌ನಿಂದೀಚೆಗೆ ನಮ್ಮಲ್ಲಿ ಬಹಳ ಮಂದಿಗೆ ರೂಢಿಯಾಗಿದೆ. ಮೊದಲು ವಿಪಿಎನ್, ಅಂದರೆ ಇಂಟರ್‌ನೆಟ್ಟಿನೊಳಗೆ ಹಾಯುವ ಖಾಸಗಿ ದಾರಿಯ ಮೂಲಕ ಕಚೇರಿಯ ನೆಟ್‌ವರ್ಕ್‌ಗೆ ಸೇರಿ, ಆಮೇಲೆ ಅಲ್ಲಿನ ಕಂಪ್ಯೂಟರಿನ ಪರದೆಯನ್ನು ಮನೆಯಲ್ಲಿ ತೋರಿಸುವ ರಿಮೋಟ್ ಡೆಸ್ಕ್‌ಟಾಪ್ ತೆರೆಯುವುದು ಇದರ ಕ್ರಮ. ಇದರಲ್ಲಿ ಕಾಡುವ ಒಂದು ತೊಂದರೆ ವಿಚಿತ್ರವಾದದ್ದು. ವಿಪಿಎನ್ ಸೇರಿಕೊಂಡಿದೆ ಎಂದು ತೋರಿಸುತ್ತದೆ, ಪಾಸ್‌ವರ್ಡ್ ಕೂಡ ಒಪ್ಪಿಗೆಯಾಗುತ್ತದೆ, ಆದರೆ ಪರದೆ ಮಾತ್ರ ಕಪ್ಪಾಗಿ ನಿಂತು, ಸ್ವಲ್ಪ ಹೊತ್ತಿಗೆ ಸಂಪರ್ಕವೇ ಕಡಿದುಹೋಗುತ್ತದೆ. ಇಂಟರ್‌ನೆಟ್ ನಿಧಾನವಾಗಿರುವುದೇ ಕಾರಣವೆಂದು ತಿಳಿದು ಹೆಚ್ಚು ವೇಗದ ಪ್ಲಾನ್ ಹಾಕಿಸಿಕೊಳ್ಳುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ, ಏಕೆಂದರೆ ಈ ತೊಂದರೆಗೂ ವೇಗಕ್ಕೂ ಸಾಮಾನ್ಯವಾಗಿ ಸಂಬಂಧವೇ ಇರುವುದಿಲ್ಲ.

ಮೊಟ್ಟಮೊದಲು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು: ಸಂಪರ್ಕ ಆಗುತ್ತಲೇ ಇಲ್ಲವೇ, ಅಥವಾ ಆದಮೇಲೆ ನಿಲ್ಲುತ್ತಿದೆಯೇ? ಆಗುತ್ತಲೇ ಇಲ್ಲವಾದರೆ ಕಂಪ್ಯೂಟರಿನ ಹೆಸರಿಗೆ ಬದಲಾಗಿ ಅದರ ಐಪಿ ವಿಳಾಸವನ್ನು, ಅಂದರೆ ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆಯನ್ನು ಕೊಟ್ಟು ನೋಡಿ. ವಿಳಾಸದಿಂದ ತೆರೆದು ಹೆಸರಿನಿಂದ ತೆರೆಯದಿದ್ದರೆ ದೋಷ ಹೆಸರಿಗೆ ತಕ್ಕ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ವ್ಯವಸ್ಥೆಯದು. ಎರಡರಿಂದಲೂ ತೆರೆಯದಿದ್ದರೆ ಮನೆಯ ರೂಟರಿನ ವಿಳಾಸವನ್ನು ಗಮನಿಸಿ. ಬಹಳಷ್ಟು ರೂಟರುಗಳು ಮನೆಯ ಸಾಧನಗಳಿಗೆ 192.168.1 ಎಂದು ಆರಂಭವಾಗುವ ವಿಳಾಸಗಳನ್ನೇ ಹಂಚುತ್ತವೆ. ಸಣ್ಣ ಕಚೇರಿಗಳಲ್ಲಿಯೂ ಹಲವೆಡೆ ಅವೇ ವಿಳಾಸಗಳು ಬಳಕೆಯಲ್ಲಿರುತ್ತವೆ. ಹೀಗೆ ಎರಡೂ ಕಡೆ ಒಂದೇ ಸಾಲಿನ ವಿಳಾಸಗಳಿದ್ದರೆ, ಕಚೇರಿಯ ಕಂಪ್ಯೂಟರನ್ನು ನಿಮ್ಮ ಲ್ಯಾಪ್‌ಟಾಪ್ ಮನೆಯೊಳಗೇ ಹುಡುಕುವ ಸಂಭವವಿದೆ. ಮನೆಯ ರೂಟರಿನ ಸೆಟ್ಟಿಂಗ್‌ನಲ್ಲಿ ಮೂರನೆಯ ಸಂಖ್ಯೆಯನ್ನು 57 ಎಂದೋ 83 ಎಂದೋ ಬದಲಿಸಿ, ರೂಟರನ್ನು ಮತ್ತೆ ಚಾಲೂ ಮಾಡಿದರೆ ಈ ಗೊಂದಲ ತೀರುತ್ತದೆ.

ಇನ್ನು ಸಂಪರ್ಕವಾದ ಮೇಲೆ ನಿಲ್ಲುವ ಬಗೆ. ನನ್ನ ಮಾತಿನ ಹೆಚ್ಚಿನ ಪಾಲು ಇದಕ್ಕೇ ಮೀಸಲು, ಏಕೆಂದರೆ ಇದರ ಕಾರಣ ಕಣ್ಣಿಗೆ ಬೀಳುವುದಿಲ್ಲ.

ನೆಟ್‌ವರ್ಕ್‌ನಲ್ಲಿ ಮಾಹಿತಿ ಪ್ಯಾಕೆಟ್‌ಗಳಾಗಿ ಹರಿಯುತ್ತದೆ. ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಎಂಬ ಮಿತಿಗೆ ಎಂಟಿಯು ಎಂದು ಹೆಸರು. ಸಾಮಾನ್ಯ ಈಥರ್‌ನೆಟ್‌ನಲ್ಲಿ ಅದು 1500 ಬೈಟ್. ಬಳಕೆದಾರರ ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ ಪಿಪಿಪಿಒಇ ಪದ್ಧತಿಯ ಬ್ರಾಡ್‌ಬ್ಯಾಂಡ್ ಆದರೆ ಅದರಲ್ಲಿ 8 ಬೈಟ್ ಖರ್ಚಾಗಿ 1492 ಉಳಿಯುತ್ತದೆ. ಇದರ ಮೇಲೆ ವಿಪಿಎನ್ ಪ್ರತಿಯೊಂದು ಪ್ಯಾಕೆಟ್ಟಿಗೂ ಗೂಢಲಿಪಿಯ ಹೊದಿಕೆ ಹೊದಿಸಿ, ತನ್ನದೇ ತಲೆಬರಹವನ್ನು, ಅಂದರೆ ವಿಳಾಸ ಮುಂತಾದ ವಿವರಗಳನ್ನು ಸೇರಿಸುತ್ತದೆ. ವೈರ್‌ಗಾರ್ಡ್ ಎಂಬ ವಿಪಿಎನ್ ಇದಕ್ಕೆಂದೇ 80 ಬೈಟ್ ಬಿಟ್ಟುಕೊಟ್ಟು, ತನ್ನ ಎಂಟಿಯುವನ್ನು ಸಾಮಾನ್ಯವಾಗಿ 1420ಕ್ಕೆ ಇಟ್ಟುಕೊಳ್ಳುತ್ತದೆ. ಬಾಗಿಲಿನ ಅಳತೆಗೆ ಸರಿಯಾಗಿ ಮಾಡಿಸಿದ ಪೆಟ್ಟಿಗೆಗೆ ಗೋಣಿ ಸುತ್ತಿ ಒಳಗೆ ತರಹೊರಟರೆ ಅದು ಬಾಗಿಲಲ್ಲೇ ಸಿಕ್ಕಿಕೊಳ್ಳುವಂತೆ, ಹೊದಿಕೆಯ ಲೆಕ್ಕ ತಪ್ಪಿದ ಪ್ಯಾಕೆಟ್ ದಾರಿಯ ನಡುವೆ ನಿಂತುಬಿಡುತ್ತದೆ.

ಹೀಗೆ ನಿಂತಾಗ ದಾರಿಯಲ್ಲಿರುವ ರೂಟರ್ ‘ಪ್ಯಾಕೆಟ್ ದೊಡ್ಡದಾಯಿತು, ಚಿಕ್ಕದು ಮಾಡಿ ಕಳಿಸಿ’ ಎಂಬ ಅರ್ಥದ, ಐಸಿಎಂಪಿ ಎಂಬ ಬಗೆಯ ಸೂಚನಾ ಸಂದೇಶವನ್ನು ಕಳಿಸಿದವರಿಗೆ ಹಿಂದಿರುಗಿಸಬೇಕು. ಈ ಏರ್ಪಾಡು 1990ರಲ್ಲೇ ದಾಖಲಾಗಿದೆ. ಆದರೆ ಭದ್ರತೆಯ ಹೆಸರಿನಲ್ಲಿ ಐಸಿಎಂಪಿಯನ್ನು ಸಾರಾಸಗಟಾಗಿ ತಡೆಯುವ ಫೈರ್‌ವಾಲ್ ಎಂಬ ಕಾವಲು ವ್ಯವಸ್ಥೆಗಳಿವೆ. ಅಂಥಲ್ಲಿ ಸುದ್ದಿ ಹಿಂದಿರುಗುವುದಿಲ್ಲ. ಕಳಿಸಿದ ಕಂಪ್ಯೂಟರ್ ಅದೇ ದೊಡ್ಡ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳಿಸಿ ಸೋಲುತ್ತದೆ. ಪಾಸ್‌ವರ್ಡ್ ದಾಟಿ ಪರದೆ ದಾಟದಿರುವುದರ ಗುಟ್ಟು ಇದೇ. ಆರಂಭದ ಮಾತುಕತೆಯ ಪ್ಯಾಕೆಟ್‌ಗಳು ಚಿಕ್ಕವು, ಅವು ನುಸುಳುತ್ತವೆ. ಪರದೆಯ ಚಿತ್ರ ಹೊರಟಾಗಲೇ ಪ್ಯಾಕೆಟ್‌ಗಳು ತುಂಬಿ ಬರುತ್ತವೆ.

ಇದನ್ನು ಅಳೆಯಲು ವಿಂಡೋಸ್‌ನಲ್ಲೇ ಸಾಧನವಿದೆ. ಕಾಗದ ಪೆನ್ನು ಹತ್ತಿರವಿದ್ದರೆ ಬರೆದುಕೊಳ್ಳಿ. ವಿಪಿಎನ್ ಸೇರಿದ ಮೇಲೆ ಕಮಾಂಡ್ ಪ್ರಾಂಪ್ಟ್ ತೆರೆದು, ಪಿಂಗ್ ಎಂದು ಟೈಪ್ ಮಾಡಿ, ಜಾಗ ಬಿಟ್ಟು ಕಚೇರಿಯ ಕಂಪ್ಯೂಟರಿನ ಐಪಿ ವಿಳಾಸ ಕೊಡಿ. ಉತ್ತರ ಬಂದರೆ ಮುಂದುವರಿಯಬಹುದು. ಈಗ ಪಿಂಗ್ ಎಂದು ಬರೆದು, ಜಾಗ ಬಿಟ್ಟು ಹೈಫನ್ನಿನ ಅಡ್ಡಗೆರೆ ಮತ್ತು ಎಫ್, ಜಾಗ ಬಿಟ್ಟು ಅಡ್ಡಗೆರೆ ಮತ್ತು ಎಲ್, ಮತ್ತೆ ಜಾಗ ಬಿಟ್ಟು 1472 ಎಂಬ ಸಂಖ್ಯೆ, ಕೊನೆಗೆ ಜಾಗ ಬಿಟ್ಟು ಅದೇ ವಿಳಾಸ. ಅಕ್ಷರಗಳೆಲ್ಲ ಇಂಗ್ಲಿಷಿನ ಸಣ್ಣಕ್ಷರಗಳೇ ಆಗಿರಲಿ. ಎಫ್ ಎಂದರೆ ಪ್ಯಾಕೆಟ್ಟನ್ನು ತುಂಡು ಮಾಡಕೂಡದು ಎಂಬ ಆಜ್ಞೆ. ಪ್ಯಾಕೆಟ್ಟನ್ನು ತುಂಡು ಮಾಡಬೇಕಾಗಿತ್ತು ಎಂಬ ಅರ್ಥದ ಸಾಲು ಬಂದರೆ ಮಿತಿ ಮೀರಿದ ಸುದ್ದಿ ನಿಮಗೆ ತಲುಪುತ್ತಿದೆ ಎಂದಾಯಿತು. ಚಿಕ್ಕ ಪಿಂಗ್‌ಗೆ ಉತ್ತರ ಕೊಟ್ಟ ಕಂಪ್ಯೂಟರ್ ದೊಡ್ಡದಕ್ಕೆ ಏನೂ ಹೇಳದೆ, ಸಮಯ ಮೀರಿತು ಎಂದಷ್ಟೇ ಬಂದರೆ, ಪ್ಯಾಕೆಟ್ ಸದ್ದಿಲ್ಲದೆ ಕಳೆದುಹೋಗುತ್ತಿದೆ ಎಂದು ಬಲವಾಗಿ ಶಂಕಿಸಬಹುದು. ಸಂಖ್ಯೆಯನ್ನು ಹತ್ತು ಹತ್ತರಂತೆ ಇಳಿಸುತ್ತ ಹೋಗಿ, ಉತ್ತರ ಬಂದ ಸಂಖ್ಯೆಗೆ 28 ಕೂಡಿಸಿ. ಐಪಿಯ 20 ಮತ್ತು ಐಸಿಎಂಪಿಯ 8 ಬೈಟ್ ತಲೆಬರಹ ಸೇರಿ ಆ 28 ಆಗುತ್ತದೆ. 1372ಕ್ಕೆ ಉತ್ತರ ಬಂದಿತೆನ್ನಿ, ನಿಮ್ಮ ದಾರಿಯ ಎಂಟಿಯು 1400.

ಆ ಸಂಖ್ಯೆಯನ್ನು ಮನೆಯ ಲ್ಯಾಪ್‌ಟಾಪ್‌ನಲ್ಲಿ, ವಿಪಿಎನ್‌ನ ಅಡಾಪ್ಟರಿಗೆ, ಅಂದರೆ ಆ ಸಂಪರ್ಕದ ದ್ವಾರಕ್ಕೆ ಮಾತ್ರ ಕೊಡಬೇಕು. ವೈಫೈ ಅಡಾಪ್ಟರನ್ನು ಮುಟ್ಟುವುದು ಬೇಡ. ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ, ನೆಟ್‌ವರ್ಕ್ ಸೆಟ್ಟಿಂಗ್ ಬದಲಿಸುವ ನೆಟ್‌ಶೆಲ್ (netsh) ಕಮಾಂಡ್ ಬಳಸಿದರೆ ಇದು ಸಾಧ್ಯ. ದೊಡ್ಡ ಪ್ಯಾಕೆಟ್ ಕಳಿಸುವುದು ಕಚೇರಿಯ ಕಂಪ್ಯೂಟರ್ ಆಗಿರುವಾಗ ಮನೆಯಲ್ಲಿ ಬದಲಿಸಿ ಏನು ಪ್ರಯೋಜನ ಎಂದು ನೀವು ಕೇಳಬಹುದು. ರಿಮೋಟ್ ಡೆಸ್ಕ್‌ಟಾಪ್ ಬಳಸುವ ಟಿಸಿಪಿ ಎಂಬ ಸಾಗಣೆ ಪದ್ಧತಿಯ ಸಂಪರ್ಕ ಆರಂಭವಾಗುವಾಗ ಎರಡೂ ಕಡೆಯವರು ತಾವು ಎಷ್ಟು ದೊಡ್ಡ ತುಣುಕು ಸ್ವೀಕರಿಸಬಲ್ಲೆವೆಂದು ಹೇಳಿಕೊಳ್ಳುತ್ತಾರೆ, ಮತ್ತು ಆ ಅಳತೆ ಬರುವುದು ಅಡಾಪ್ಟರಿನ ಎಂಟಿಯುವಿನಿಂದ. ಇಲ್ಲಿ 1400 ಎಂದು ಇಟ್ಟರೆ, ಐಪಿ ಮತ್ತು ಟಿಸಿಪಿ ತಲೆಬರಹಗಳ 40 ಬೈಟ್ ಕಳೆದು, ನಿಮ್ಮ ಲ್ಯಾಪ್‌ಟಾಪ್ 1360ರ ತುಣುಕುಗಳನ್ನಷ್ಟೇ ಕೇಳುತ್ತದೆ, ಕಚೇರಿಯ ಕಂಪ್ಯೂಟರ್ ಅದನ್ನು ಪಾಲಿಸುತ್ತದೆ. ಐಪಿ ವಿಳಾಸ ಪದ್ಧತಿಯ ಹೊಸದಾದ ಆರನೆಯ ಆವೃತ್ತಿಗೆ ಕನಿಷ್ಠ 1280 ಬೇಕಾಗುವುದರಿಂದ ಅದಕ್ಕಿಂತ ಕೆಳಗೆ ಇಳಿಯಬೇಡಿ.

ಮನೆಯ ಫೈಬರ್‌ನಲ್ಲಿ ಸರಿಯಾಗಿ ನಡೆದದ್ದು ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ನಿಲ್ಲುವುದಕ್ಕೂ ಇದೇ ಕಾರಣವಿರಬಹುದು. ಕೆಲವು ಮೊಬೈಲ್ ನೆಟ್‌ವರ್ಕ್‌ಗಳು ಐಪಿಯ ನಾಲ್ಕನೆಯ ಆವೃತ್ತಿಯ ಪ್ಯಾಕೆಟ್‌ಗಳನ್ನು ಆರನೆಯ ಆವೃತ್ತಿಗೆ ಮಾರ್ಪಡಿಸಿ ಸಾಗಿಸುತ್ತವೆ. ಆಗ ತಲೆಬರಹ 20ರಿಂದ 40 ಬೈಟ್‌ಗೆ ಏರುತ್ತದೆ. ಹಾಗಾಗಿ ಹಾಟ್‌ಸ್ಪಾಟ್‌ನಲ್ಲಿ ಬೇರೆಯಾಗಿಯೇ ಅಳೆದು ನೋಡಿ.

ಎಂಟಿಯು ಸರಿಯಿದ್ದೂ ಪರದೆ ಆಗಾಗ ಸ್ತಬ್ಧವಾಗುವುದುಂಟು. ರಿಮೋಟ್ ಡೆಸ್ಕ್‌ಟಾಪ್ 3389ನೇ ಪೋರ್ಟಿನಲ್ಲಿ, ಅಂದರೆ ಆ ಸಂಖ್ಯೆಯ ಸಂಪರ್ಕದ್ವಾರದಲ್ಲಿ, ಟಿಸಿಪಿಯನ್ನು ಮಾತ್ರವಲ್ಲದೆ, ತನ್ನ ಎಂಟನೆಯ ಆವೃತ್ತಿಯಿಂದ ಯುಡಿಪಿ ಎಂಬ ಇನ್ನೊಂದು ಸಾಗಣೆ ಪದ್ಧತಿಯನ್ನೂ ಬಳಸುತ್ತದೆ. ಕೆಲವು ವಿಪಿಎನ್‌ಗಳು ಯುಡಿಪಿಯನ್ನು ಸರಿಯಾಗಿ ಸಾಗಿಸುವುದಿಲ್ಲ. ಪೂರ್ಣಪರದೆಯ ಮೇಲ್ತುದಿಯ ಪಟ್ಟಿಯಲ್ಲಿ ಸಿಗ್ನಲ್ ಕಂಬಗಳಂತಿರುವ ಗುರುತನ್ನು ಒತ್ತಿದರೆ ಯುಡಿಪಿ ಬಳಕೆಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಇದ್ದರೆ, ಮನೆಯ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್‌ನ ನಿಯಮಗಳನ್ನು ಬದಲಿಸುವ ಗ್ರೂಪ್ ಪಾಲಿಸಿಯಲ್ಲಿ ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್ ಕ್ಲೈಂಟ್ ವಿಭಾಗದ ‘ಟರ್ನ್ ಆಫ್ ಯುಡಿಪಿ ಆನ್ ಕ್ಲೈಂಟ್’ ಎಂಬುದನ್ನು ಎನೇಬಲ್ ಮಾಡಿ ನೋಡಿ. ಟಿಸಿಪಿಯೊಂದರಲ್ಲೇ ನಡೆಯುವಾಗ ವಿಡಿಯೊ ಸ್ವಲ್ಪ ತಡವರಿಸಬಹುದು; ಕಡತ, ಲೆಕ್ಕಪತ್ರಗಳ ಕೆಲಸಕ್ಕೆ ಹೆಚ್ಚಿನ ಅಡ್ಡಿಯಿಲ್ಲ.

ಇಷ್ಟೆಲ್ಲ ಏಕೆ, 3389ನೇ ಪೋರ್ಟನ್ನು ಕಚೇರಿಯ ರೂಟರಿನಲ್ಲಿ ನೇರವಾಗಿ ಇಂಟರ್‌ನೆಟ್ಟಿಗೆ ತೆರೆದಿಟ್ಟರೆ ವಿಪಿಎನ್‌ನ ರಗಳೆಯೇ ಇಲ್ಲವಲ್ಲ ಎಂಬ ಸಲಹೆ ನಿಮಗೆ ಸಿಗಬಹುದು. ದಯವಿಟ್ಟು ಅದಕ್ಕೆ ಕಿವಿಗೊಡಬೇಡಿ. 2019ರಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಬೆಳಕಿಗೆ ಬಂದ ಬ್ಲೂಕೀಪ್ ಎಂಬ ದೋಷ ಹಳೆಯ ವಿಂಡೋಸ್‌ಗಳಲ್ಲಿ ಪಾಸ್‌ವರ್ಡ್ ಇಲ್ಲದೆಯೇ ಒಳನುಗ್ಗಲು ದಾರಿ ಮಾಡಿಕೊಡುವಂಥದಾಗಿತ್ತು. ಬೆಂಬಲದ ಅವಧಿ ಮುಗಿದಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ಪರಿಹಾರ ಬಿಡುಗಡೆ ಮಾಡಬೇಕಾಯಿತು.

ಕೆಲವು ವಿಪಿಎನ್ ತಂತ್ರಾಂಶಗಳು ಸೇರಿಕೊಂಡಾಗಲೆಲ್ಲ ಎಂಟಿಯುವನ್ನು ಹಳೆಯ ಸಂಖ್ಯೆಗೇ ತಿರುಗಿಸುತ್ತವೆ. ಆಗ ಮನೆಯಲ್ಲಿ ಮಾಡುವ ಬದಲಾವಣೆ ನಿಲ್ಲುವುದಿಲ್ಲ, ವಿಪಿಎನ್ ಬಂದು ಸೇರುವ ಕಚೇರಿಯ ಗೇಟ್‌ವೇಯಲ್ಲೇ ಟಿಸಿಪಿ ತುಣುಕಿನ ಗಾತ್ರಕ್ಕೆ, ಅಂದರೆ ಎಂಎಸ್‌ಎಸ್‌ಗೆ, ಮಿತಿ ಹಾಕಬೇಕಾಗುತ್ತದೆ. ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ‘ರಿಮೋಟ್ ಡೆಸ್ಕ್‌ಟಾಪ್ ಕೆಲಸ ಮಾಡುತ್ತಿಲ್ಲ’ ಎಂದಷ್ಟೇ ಬರೆಯದೆ, ‘1372 ಬೈಟ್‌ವರೆಗೆ ಪಿಂಗ್ ಹೋಗುತ್ತದೆ, 1382ಕ್ಕೆ ಉತ್ತರವಿಲ್ಲ, ಎಂಎಸ್‌ಎಸ್ ಅನ್ನು 1360ಕ್ಕೆ ಮಿತಿಗೊಳಿಸಿ’ ಎಂದು ನೀವು ಅಳೆದ ಸಂಖ್ಯೆಗಳನ್ನೇ ಬರೆದು ಕಳಿಸಿ. ಅವರು ಅಲ್ಲಿ ಒಂದು ಸಾಲು ಬದಲಿಸಿದರೆ, ಅದೇ ಗೇಟ್‌ವೇ ಮೂಲಕ ಬರುವ ನಿಮ್ಮ ಸಹೋದ್ಯೋಗಿಗಳ ತೊಂದರೆಯೂ ಜೊತೆಗೇ ಪರಿಹಾರವಾಗುತ್ತದೆ.

ನಮಸ್ಕಾರ.